ಎಪ್ಪತ್ತೆರಡು ಸಾವಿರದ ಕಂಪ್ಯೂಟರು

ಮಗಳು ಅಮೂಲ್ಯಳಿಗೆ ಲ್ಯಾಪ್‌ಟಾಪ್ ತಂದ ದಿನ ರುದ್ರೇಶ ಮತ್ತೆ ಆ ಕತೆ ಶುರು ಮಾಡಿದ. ಅವನ ಹೆಂಡತಿ ಪ್ರತಿಮಾ ಅದನ್ನು ಎಷ್ಟು ಸಲ ಕೇಳಿದ್ದಳೆಂದರೆ, ಗಂಡ ಎಲ್ಲಿ ನಿಲ್ಲಿಸುತ್ತಾನೆ, ಎಲ್ಲಿ ನಗುತ್ತಾನೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

“ಮೂವತ್ತೆಂಟು ಸಾವಿರಕ್ಕ ಬರೋದು ಒಂದು ಕಂಪ್ಯೂಟರೇನವ್ವ?” ಎನ್ನುತ್ತ ಅವನು ಲ್ಯಾಪ್‌ಟಾಪನ್ನು ಒಂದೇ ಕೈಯಲ್ಲಿ ಎತ್ತಿ ತೂಗಿದ. “ತೊಂಬತ್ತಾರನೇ ಇಸ್ವಿಯಾಗ ನಮ್ಮದು ಎಪ್ಪತ್ತೆರಡು ಸಾವಿರ. ಆ ರೊಕ್ಕಕ್ಕ ನಮ್ಮ ಆದೋನಿಯಾಗ ಒಂದು ಪ್ಲಾಟು ಬರತಿತ್ತು. ಹೈದರಾಬಾದಿನಿಂದ ಜೀಪಿನಾಗ ತರಬೇಕಾದ್ರ ಪೆಟ್ಟು ಬೀಳಬಾರದಂತ ಸುತ್ತ ಹತ್ತಿ ತುರುಕಿದ್ರು ನಮ್ಮಪ್ಪ. ಆ ರೂಮಿಗೆ ನಾವು ಚಪ್ಪಲಿ ಹಾಕ್ಕೊಂಡು ಹೋಗತಿರಲಿಲ್ಲ. ದಿನಾ ಮುಂಜಾನೆ ಊದುಬತ್ತಿ ಬೆಳಗಿ ಆಮ್ಯಾಲೆ ಸ್ವಿಚ್ ಹಾಕತಿದ್ವಿ.”

“ಈಗಿನ ಫೋನಿನ ಮುಂದ ಅದು ಏನೂ ಅಲ್ಲಪ್ಪ,” ಎಂದಳು ಅಮೂಲ್ಯ.

“ಏನೂ ಅಲ್ಲ, ಖರೆ. ಆದ್ರ ಆಗ ಊರಾಗ ಅಂಥಾದ್ದು ಎಷ್ಟಿದ್ವು? ಜನ ನೋಡಾಕ ಬರತಿದ್ರು.”

ಗೋವಿಂದ ಅಲ್ಲೇ ಕುಳಿತಿದ್ದ. ಲ್ಯಾಪ್‌ಟಾಪ್ ಕೊಡಿಸಲು ಅಂಗಡಿಗೆ ಜೊತೆಗೆ ಬಂದವನು ಅವನೇ. ಮೂವತ್ತು ವರ್ಷದ ಹಿಂದೆ ರುದ್ರೇಶ ನಡೆಸುತ್ತಿದ್ದ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಹುಡುಗ, ಈಗ ಬ್ಯಾಂಕಿನಲ್ಲಿ ನೌಕರ. ಚಹಾ ಕುಡಿದು ಲೋಟ ಕೆಳಗಿಡುತ್ತ ಅವನೆಂದ: “ಸರ್, ನಮಗ ಟೈಪಿಂಗ್ ಕಲಿಸತಿದ್ದ ಮಂಗಳಾ ಮೇಡಂ ಮೊನ್ನೆ ಸಿಕ್ಕಿದ್ರು. ಮಂತ್ರಾಲಯದಾಗ ಒಂದು ಲಾಡ್ಜಿನಾಗ ಕೌಂಟರ್ ನೋಡ್ಕೊಂತಾರಂತ. ಬಸ್‌ ಸ್ಟ್ಯಾಂಡಿನ ಎದುರಿಗೇ.”

ರುದ್ರೇಶನ ಮುಖ ಅರಳಿದ್ದು ಪ್ರತಿಮಾಳಿಗೆ ಕಂಡಿತು. ಐವತ್ತೆರಡು ವರ್ಷದ ಮುಖ ಒಂದು ಗಳಿಗೆ ಇಪ್ಪತ್ತೈದರ ಹಾಗಾಗಿತ್ತು.

“ಹೌದೇನೋ? ಮಂಗಳಾ? ಆಕಿ ಬೆರಳು ಕೀಬೋರ್ಡ್ ಮ್ಯಾಲೆ ಓಡತಿದ್ದುದು ನೋಡಬೇಕಿತ್ತು ನೀವು,” ಎಂದು ಅವನು ಮಗಳ ಕಡೆ ತಿರುಗಿದ. “ಮಖಮಲ್ ಬಟ್ಟೆಯಿಂದ ಮಾನಿಟರಿಗೆ ಕವರ್ ಹೊಲದಿದ್ಲು.”

ಪ್ರತಿಮಾ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ತೊಳೆದ ಲೋಟವನ್ನೇ ಎರಡು ಸಲ ತೊಳೆದಳು.

ಅವಳು ಈ ಮನೆಗೆ ಸೊಸೆಯಾಗಿ ಬಂದದ್ದು ಎರಡು ಸಾವಿರದ ಮೂರರಲ್ಲಿ. ಅಷ್ಟರಲ್ಲಿ ಇನ್‌ಸ್ಟಿಟ್ಯೂಟು ಮುಚ್ಚಿತ್ತು, ರುದ್ರೇಶ ಬೀಜ ಮತ್ತು ಕ್ರಿಮಿನಾಶಕದ ಅಂಗಡಿ ಇಟ್ಟಿದ್ದ. ಆ ಕಂಪ್ಯೂಟರನ್ನು ಕೌತಾಳಂ ಕಡೆಯ ಒಂದು ಶಾಲೆಗೆ ದಾನ ಕೊಟ್ಟೆ ಎಂದು ಅವನು ಹೇಳಿದ್ದ. ಅಂದರೆ ಪ್ರತಿಮಾ ಆ ಯಂತ್ರವನ್ನು ಕಣ್ಣಿನಿಂದ ಕಂಡವಳೇ ಅಲ್ಲ. ಆದರೆ ಯಾರ ಮನೆಯಲ್ಲಿ ಯಾರು ಹೊಸ ಫೋನು ಕೊಂಡರೂ, ಯಾವ ಮದುವೆಯ ಪಂಕ್ತಿಯಲ್ಲಿ ಕುಳಿತರೂ ಅದರ ಬೆಲೆ ಬಂದೇ ಬರುತ್ತಿತ್ತು. ಬೆಲೆಯ ಹಿಂದೆ ‘ನಾವು’ ಎಂಬ ಮಾತು ಬರುತ್ತಿತ್ತು, ಆ ‘ನಾವು’ ಎಂಬುದರಲ್ಲಿ ಪ್ರತಿಮಾ ಇರಲಿಲ್ಲ, ಮಂಗಳಾ ಇದ್ದಳು. ಗಂಡನ ಬದುಕಿನ ಒಳ್ಳೆಯ ಆರು ವರ್ಷ ತಾನು ಬರುವುದಕ್ಕೆ ಮೊದಲೇ ಮುಗಿದುಹೋಗಿದ್ದವು ಎನ್ನಿಸಿ ಅವಳ ಹೊಟ್ಟೆ ಉರಿಯುತ್ತಿತ್ತು. ಇಷ್ಟು ದಿನ ಮಂಗಳಾ ಬರೀ ಒಂದು ಹೆಸರಾಗಿದ್ದಳು. ಈಗ ಅವಳಿಗೊಂದು ವಿಳಾಸ ಬಂದಿತ್ತು.

ನಾಲ್ಕು ದಿನ ಕಳೆದ ಮೇಲೆ, ಒಂದು ಮಂಗಳವಾರ, ಹಾಲಹರವಿಯ ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಪ್ರತಿಮಾ ಮಂತ್ರಾಲಯದ ಬಸ್ಸು ಹತ್ತಿದಳು. ಆಂಧ್ರದಲ್ಲೂ ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ಕಂಡಕ್ಟರು ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟ. ಹೋಗಿ ಏನು ಕೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಯಾವ ಮಾತೂ ಸರಿ ಎನ್ನಿಸಲಿಲ್ಲ. ಕೊನೆಗೆ, ಒಂದು ಸಲ ನೋಡಿ ಬಂದರೆ ಸಾಕು ಎಂದುಕೊಂಡಳು.

ಲಾಡ್ಜು ಹುಡುಕುವುದು ಕಷ್ಟವಾಗಲಿಲ್ಲ. ಕೌಂಟರಿನ ಹಿಂದೆ ಒಬ್ಬ ಹೆಂಗಸು ಕುಳಿತಿದ್ದಳು. ನೆತ್ತಿಯ ಹತ್ತಿರ ಕೂದಲು ಬಿಳಿಯಾಗಿತ್ತು, ಮೂಗಿನ ತುದಿಗೆ ಕನ್ನಡಕ ಜಾರಿತ್ತು. ಪ್ರತಿಮಾ ಮನಸ್ಸಿನಲ್ಲಿ ಬೆಳೆಸಿಕೊಂಡಿದ್ದ ಚೆಲುವೆ ಇವಳಲ್ಲ. ಒಂದು ಕ್ಷಣ ಸಮಾಧಾನವಾಯಿತು. ಆದರೆ ಆ ಹೆಂಗಸು ಎದುರಿನ ಯಾತ್ರಿಕರೊಡನೆ ಮಾತಾಡುತ್ತಲೇ ಕೆಳಗೆ ನೋಡದೆ ಕೀಲಿಗಳನ್ನು ಒತ್ತತೊಡಗಿದಾಗ, ಆ ಬೆರಳುಗಳಿಂದ ಪ್ರತಿಮಾಳಿಗೆ ಕಣ್ಣು ಕೀಳಲಾಗಲಿಲ್ಲ. ಗಂಡ ಹೇಳಿದ್ದು ಸುಳ್ಳಲ್ಲ.

“ಎನ್ನಿ ರೋಜುಲು ಮೇಡಂ?” ಎಂದು ಮಂಗಳಾ ತೆಲುಗಿನಲ್ಲಿ ಕೇಳಿದಳು.

“ಒಂದ ದಿನ,” ಎಂದುಬಿಟ್ಟಳು ಪ್ರತಿಮಾ. ರೂಮು ಬೇಕೆಂದು ಅವಳು ಬಂದಿರಲಿಲ್ಲ, ಬೇರೆ ಮಾತು ತೋಚಲಿಲ್ಲ.

“ಕನ್ನಡದವರೇನ್ರಿ? ಆಧಾರ್ ಕೊಡ್ರಿ.”

ಕೊಟ್ಟ ಮೇಲೆ ಪ್ರತಿಮಾಳಿಗೆ ಅದರಲ್ಲಿ ಗಂಡನ ಹೆಸರಿರುವುದು ನೆನಪಾಯಿತು. ಮಂಗಳಾ ಕಾರ್ಡನ್ನು ತಿರುಗಿಸಿ ವಿಳಾಸ ಟೈಪು ಮಾಡುತ್ತ ಹೋದವಳು ನಡುವೆ ನಿಂತಳು. ಗಂಡನ ಹೆಸರು ಓದಿದಳು. ಓಣಿಯ ಹೆಸರು ಓದಿದಳು. ಕನ್ನಡಕ ತೆಗೆದು ಪ್ರತಿಮಾಳನ್ನು ನೋಡಿದಳು.

“ಹತ್ತಿ ಯಾಪಾರದ ಮಲ್ಲಯ್ಯನೋರ ಸೊಸೇರೇನು ನೀವು? ರುದ್ರೇಶ್ ಸಾರು…”

“ಹೌದು.”

“ಅಯ್ಯ, ಬರ್ರಿ ಅಕ್ಕಾರ, ಒಳಗ ಬರ್ರಿ! ಸಾರು ಬಂದಾರೇನು?”

“ಇಲ್ಲ. ನಾ ಒಬ್ಬಾಕೀನ ಬಂದೀನಿ.” ಇನ್ನು ಸುಳ್ಳು ಸಾಕೆನ್ನಿಸಿತು ಪ್ರತಿಮಾಳಿಗೆ. “ರೂಮಿಗೆ ಬಂದಿಲ್ರಿ. ನಿಮ್ಮನ್ನ ನೋಡಾಕ ಬಂದೀನಿ.”

ಮಂಗಳಾ ಎದ್ದಳು. ಕೆಲಸದವನನ್ನು ಕೌಂಟರಿಗೆ ಕೂರಿಸಿ, ಹಿಂದಿನ ಸಣ್ಣ ಕೋಣೆಯಲ್ಲಿ ಚಾಪೆ ಹಾಸಿ, ಕಾಫಿ ತರಿಸಿದಳು. ಗಂಡ ತೀರಿಕೊಂಡು ಎಂಟು ವರ್ಷವಾಯಿತೆಂದೂ, ಕಲಿತ ವಿದ್ಯೆಯೇ ಅನ್ನ ಹಾಕುತ್ತಿದೆಯೆಂದೂ ತಾನಾಗಿಯೇ ಹೇಳಿದಳು.

“ಅವರು ಇವತ್ತಿಗೂ ನಿಮ್ಮ ಸುದ್ದಿ ಹೇಳತಾರ,” ಎಂದಳು ಪ್ರತಿಮಾ. ದನಿ ತಾನು ಅಂದುಕೊಂಡದ್ದಕ್ಕಿಂತ ಬಿರುಸಾಗಿ ಬಂತು. “ನಿಮ್ಮದು, ಆ ಎಪ್ಪತ್ತೆರಡು ಸಾವಿರದ ಕಂಪ್ಯೂಟರಿಂದು.”

ಮಂಗಳಾ ನಕ್ಕಳು. “ರೇಟು ಇನ್ನೂ ಹೇಳತಾರೇನು? ಆಗೂ ಹಂಗ. ಕೀಬೋರ್ಡಿಗೆ ನೂರಾ ಒಂದು ಕೀ ಇದ್ದುವು. ಭಾಗಾಕಾರ ಮಾಡಿ ಇಟ್ಟಿದ್ರು ಸಾರು. ಯಾರರ ಜೋರಾಗಿ ಒತ್ತಿದ್ರ ‘ಮೆಲ್ಲಕ, ಒಂದೊಂದು ಕೀ ಏಳ್ನೂರು ರೂಪಾಯಿ’ ಅಂತಿದ್ರು. ಮೊದಲನೇ ಮೂರು ತಿಂಗಳು ನಾ ಹುಡುಗರಿಗೆ ರಟ್ಟಿನ ಮ್ಯಾಲೆ ಅಕ್ಷರ ಬರದು ಕಲಿಸೀನಿ ಅಕ್ಕಾರ. ಖರೇದು ಮುಟ್ಟಾಕ ಬಿಡತಿರಲಿಲ್ಲ.”

“ಕವರ್ ಹೊಲದಿದ್ರಂತ.”

“ಹೊಲಿ ಅಂದ್ರು, ಹೊಲದೆ. ಸಂಬಳ ಕೊಡೋರು ಹೇಳಿದ್ರ ಮಾಡಬೇಕಲ್ಲ.” ಮಂಗಳಾ ಕಾಫಿ ಲೋಟವನ್ನು ಸುತ್ತಿಸುತ್ತ ಕುಳಿತಳು. “ಒಂದು ಮಾತು ಹೇಳ್ಲೇನು? ಆ ರೇಟು ಹೇಳೋವಾಗ ಸಾರಿಗೆ ಖುಷಿ. ನನಗ ಅದನ್ನ ಕೇಳಿದ್ರ ಸಿಟ್ಟು ಬರತಿತ್ತು. ತಿಂಗಳಿಗೆ ನಾನ್ನೂರು ನನ್ನ ಪಗಾರ. ಉಪಾಸ ಇದ್ದು ಕೂಡಿಟ್ರೂ ಹದಿನೈದು ವರ್ಷ ಬೇಕಿತ್ತು ಅಂಥಾದ್ದೊಂದು ಕೊಳ್ಳಾಕ. ಅವರಿಗೆ ಅವರಪ್ಪ ಒಂದ ಮಾತಿಗೆ ಕೊಡಿಸಿದ್ರು. ಮುಂಜಾನೆ ಕೌತಾಳಂ ಬಸ್ಸಿನಾಗ ನಿಂತು ಬರಬೇಕಾದ್ರ ಹೊಟ್ಟಿ ಉರಿಯೋದು ನನಗ. ಅವರ ಮ್ಯಾಲೆ.”

ತಾನು ಹೊಟ್ಟೆಕಿಚ್ಚು ಪಟ್ಟವಳಿಗೂ ಹೊಟ್ಟೆಕಿಚ್ಚೇ ಇತ್ತೆಂದು ತಿಳಿದಾಗ ಪ್ರತಿಮಾಳ ಮೈ ಹಗುರಾಯಿತು. ಕೇಳಬೇಕಾದ್ದು ಮುಗಿಯಿತು, ಇನ್ನು ಏಳಬೇಕು ಎಂದುಕೊಳ್ಳುವಷ್ಟರಲ್ಲಿ ಮಂಗಳಾ ಮತ್ತೆ ಮಾತು ತೆಗೆದಳು.

“ಆದ್ರೂ ಅಕ್ಕಾರ, ಅದನ್ನ ಗುಜರಿಗೆ ಹಾಕಿದ ದಿನ ನನಗೂ ತಡಕೊಳ್ಳಾಕ ಆಗಲಿಲ್ಲ.”

“ಗುಜರಿಗೆ? ಸಾಲಿಗೆ ಕೊಟ್ಟಿದ್ರಲ್ಲ?”

“ಯಾ ಸಾಲಿ? ಯಾರಿಗೂ ಬ್ಯಾಡಾಗಿತ್ತು ಅದು. ಗುಜರಿಯಾವ ಸಾವಿರದ ಎರಡು ನೂರು ಕೊಟ್ಟ. ತಳ್ಳೋ ಬಂಡಿ ಮ್ಯಾಲೆ ಮಾನಿಟರ್ ಬೋರಲು ಹಾಕಿಕೊಂಡು ಹೋದ. ಸಾರು ಬಾಗಲಾ ಹಾಕ್ಕೊಂಡು ಸಣ್ಣ ಹುಡುಗರಂಗ ಅತ್ರು. ಅರ್ಧ ತಾಸು. ನಾ ನೀರು ಕೊಟ್ಟು, ಏನು ಹೇಳಬೇಕು ತಿಳೀದ ಅಲ್ಲೇ ಕೂತಿದ್ದೆ.”

ಮಂಗಳಾ ಇದನ್ನು ಕನಿಕರದಿಂದಲೇ ಹೇಳಿದ್ದಳು. ಪ್ರತಿಮಾಳ ಒಳಗೆ ಮಾತ್ರ, ಆಗಷ್ಟೇ ತಣ್ಣಗಾಗಿದ್ದ ಉರಿ ಮೊದಲಿಗಿಂತ ಜೋರಾಗಿ ಹೊತ್ತಿಕೊಂಡಿತು. ಇಪ್ಪತ್ತೆರಡು ವರ್ಷದಲ್ಲಿ ರುದ್ರೇಶ ಅವಳೆದುರು ಒಮ್ಮೆಯೂ ಅತ್ತಿರಲಿಲ್ಲ. ಮಾವ ತೀರಿಕೊಂಡಾಗಲೂ ಗೋಡೆಯ ಕಡೆ ತಿರುಗಿ ನಿಂತಿದ್ದ. ಇವರಿಬ್ಬರ ನಡುವೆ ಪ್ರೀತಿ ಇತ್ತೋ ಇಲ್ಲವೋ ಎಂಬುದು ಈಗ ಅವಳಿಗೆ ಮುಖ್ಯವೆನಿಸಲಿಲ್ಲ. ಆ ಅರ್ಧ ಗಂಟೆ ಇವಳಿಗೆ ಸಿಕ್ಕಿತ್ತು, ತನಗೆ ಸಿಕ್ಕಿರಲಿಲ್ಲ.

ಹೊರಡುವಾಗ ಮಂಗಳಾ ಫೋನ್ ನಂಬರು ಕೇಳಿದಳು. ಕೊಡದಿರಲು ಪ್ರತಿಮಾಳಿಗೆ ನೆಪ ಸಿಗಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಮನೆ ಮುಟ್ಟಿದಳು. ರುದ್ರೇಶ ಅಂಗಡಿಯಿಂದ ಬಂದು ಕಾಲು ತೊಳೆಯುತ್ತಿದ್ದ.

“ಹಾಲಹರವಿಯಾಗ ಎಲ್ಲಾರು ಆರಾಮ ಅದಾರೇನು?”

“ಹಾಲಹರವಿಗೆ ಹೋಗಿಲ್ಲ. ಮಂತ್ರಾಲಯಕ್ಕ ಹೋಗಿದ್ದೆ. ಮಂಗಳಾರನ್ನ ನೋಡಿ ಬಂದೆ.”

ಅವನ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. “ಯಾಕ?”

“ಕಂಪ್ಯೂಟರ್ ಸಾಲಿಗೆ ಕೊಟ್ಟೆ ಅಂತ ನನಗ ಯಾಕ ಸುಳ್ಳು ಹೇಳಿದ್ರಿ?”

ರುದ್ರೇಶ ಟವೆಲ್ಲಿಗೆ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತ. ಆಮೇಲೆ ಮೆಲ್ಲಗೆ ಹೇಳಿದ: “ಅದನ್ನ ಮಾರಿದ ತಿಂಗಳಾಗ ನಿಮ್ಮಪ್ಪ ವರ ನೋಡಾಕ ಬಂದಿದ್ರು. ಹುಡುಗ ಏನು ಮಾಡ್ತಾನ ಅಂದ್ರು. ಎಪ್ಪತ್ತೆರಡು ಸಾವಿರದ್ದನ್ನ ಸಾವಿರದ ಎರಡು ನೂರಕ್ಕ ಮಾರಿ ಕೂತಾನ ಅಂತ ಹೇಳಬೇಕಿತ್ತೇನು? ಸಾಲಿಗೆ ಕೊಟ್ಟೀನಿ ಅಂದೆ. ಒಂದ್ಸಲ ಅಂದ ಮ್ಯಾಲೆ ಅದ ನಿಂತುಬಿಡ್ತು. ನಿನ್ನ ಮುಂದ ಸಣ್ಣಾವ ಆಗಬಾರದು ಅನ್ನಿಸ್ತು.”

“ಆಕಿ ಮುಂದ ಆಗಬಹುದಿತ್ತು?”

“ಆಕಿ ಅಲ್ಲೇ ಇದ್ಲು. ಎಲ್ಲಾ ನೋಡಿದ್ಲು. ಆಕಿ ಮುಂದ ಮುಚ್ಚಿಡಾಕ ಏನಿತ್ತು?”

“ನಾನೂ ಇಪ್ಪತ್ತೆರಡು ವರ್ಷದಿಂದ ಇಲ್ಲೇ ಅದೀನಿ,” ಎಂದು ಪ್ರತಿಮಾ ಒಳಗೆ ಹೋದಳು. ಆ ರಾತ್ರಿ ಊಟ ಬಡಿಸಿದ್ದು ಅಮೂಲ್ಯ.

ಮುಂದಿನ ವಾರ ಮಂಗಳಾ ತಾನಾಗಿಯೇ ಫೋನು ಮಾಡಿದಳು. ಮನಸ್ಸಿಲ್ಲದ ಮನಸ್ಸಿನಿಂದ ಎತ್ತಿದ ಪ್ರತಿಮಾ, ಮಾತಿನ ನಡುವೆ, ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೂ ಅದನ್ನು ಹಚ್ಚಲು ತನಗೆ ಬಾರದೆಂದು ಹೇಳಿದಳು. “ನಾ ಅದೀನಲ್ರಿ,” ಎಂದಳು ಮಂಗಳಾ. ಅಲ್ಲಿಂದ ಪಾಠ ಶುರುವಾಯಿತು. ಮಗಳು ಕಾಲೇಜಿನಿಂದ ಬಂದು ಮಲಗಿರುವ ಮಧ್ಯಾಹ್ನದ ಹೊತ್ತಿನಲ್ಲಿ ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿ, ವಿಡಿಯೋದಲ್ಲಿ ಮಂಗಳಾ ಹೇಳಿದಂತೆ ಪ್ರತಿಮಾ ಒಂದೊಂದೇ ಬೆರಳಿಡುತ್ತಾಳೆ. ಜೋರಾಗಿಯೇ ಒತ್ತುತ್ತಾಳೆ, ಬೇಡವೆನ್ನುವವರು ಯಾರೂ ಇಲ್ಲ. ಪಾಠ ಮುಗಿದ ಮೇಲೆ ಇಬ್ಬರೂ ಬೇರೆ ಮಾತಿಗೆ ಇಳಿಯುತ್ತಾರೆ, ಕೆಲವೊಮ್ಮೆ ನಗುತ್ತಾರೆ.

ಊಟಕ್ಕೆ ಬಂದ ರುದ್ರೇಶ ಈ ನಗು ಕೇಳಿ ಟಿವಿಯ ದನಿ ತಗ್ಗಿಸುತ್ತಾನೆ.

“ಏನಂತಿದ್ಲು ಆಕಿ?” ಎಂದು ಒಂದು ದಿನ ಕೇಳಿಯೇಬಿಟ್ಟ. “ನನ್ನ ಸುದ್ದಿ ಏನರ ಬಂತೇನು?”

“ಇಲ್ಲ.”

“ಕಂಪ್ಯೂಟರ್ ಕಲಿಯೋದಿದ್ರ ನಾನ ಕಲಸತಿದ್ದೆನಲ್ಲ. ಮನ್ಯಾಗ ಮಾಸ್ತರ್ ಇಟ್ಕೊಂಡು ಮಂತ್ರಾಲಯಕ್ಕ ಯಾಕ ಫೋನು?”

ಪ್ರತಿಮಾ ಅವನ ಮುಖ ನೋಡಿದಳು. ಆ ಮುಖದಲ್ಲಿದ್ದುದನ್ನು ಗುರುತಿಸಲು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಯ್ಯೋ ಎನ್ನಿಸಿತು. ಅದರ ಜೊತೆಗೆ ಒಳ್ಳೆಯ ಹಿತವೂ ಆಯಿತು.

“ರೊಟ್ಟಿ ಆರತಾವ, ಉಣ್ರಿ,” ಎಂದಳು.