ಬಾರೇ, ಬಿಚ್ಚೋ

"ಉಸಿರು ಬಿಗಿ ಹಿಡ್ಕೊಳ್ಳೇ, ಬೋಳಿಮಗನೇ!"

ಒಂದೇ ಮಾತಿನಲ್ಲಿ ಹೆಣ್ಣೂ ಮಾಡಿದ, ಗಂಡೂ ಮಾಡಿದ. ಹೊಲಿಗೆ ಕಾರ್ಖಾನೆಯ ಮಾಲೀಕನ ಬಾಯೇ ಹಾಗೆ, ಎಲುಬಿಲ್ಲದ ನಾಲಿಗೆ. ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಬೈಯುತ್ತಿದ್ದ. ಹಸಿರು ಸ್ಯಾಟಿನ್ ಗೌನಿನ ಸೊಂಟವನ್ನು ಹಿಂದಿನಿಂದ ಎಳೆದು ಹಿಡಿದು, ಹೊಲಿಗೆಯ ಅಂಚಿನಲ್ಲಿ ಒಂದು ಸೂಜಿ ಚುಚ್ಚಿದ. ಅದು ಅಂಚು ದಾಟಿ ಪಕ್ಕೆಗೂ ಇಳಿಯಿತು. ಗೌನಿನೊಳಗಿದ್ದವಳು ತುಟಿ ಕಚ್ಚಿದಳು.

"ಏನೇ, ನೋವಾಯ್ತಾ? ಸ್ಯಾಟಿನ್‌ಗೆ ತೂತು ಬಿದ್ರೆ ಸಾಯೋ ತನಕ ಹೋಗಲ್ಲ ಕಣೇ. ನಿನ್ನ ಚರ್ಮ ಎರಡು ದಿನಕ್ಕೆ ಮಾಯುತ್ತೆ. ಬೊಂಬೆ ಬಾಯಿ ಬಿಡಬಾರ್ದು."

ಕುರ್ಚಿಯಲ್ಲಿ ಕೂತಿದ್ದ ದೊಡ್ಡ ಅಂಗಡಿಯವನು ಕಿಸಕ್ಕನೆ ನಕ್ಕ. ಮಾದರಿ ಗೌನು ನೋಡಿ ಒಪ್ಪಿಗೆ ಕೊಡಲು ಬಂದವನು. ಕೈಲಿದ್ದ ಪೆನ್ಸಿಲ್ಲಿನಿಂದ ಅವಳ ಎದೆಯನ್ನು ತಿವಿದು, "ಇದೇನು ತುಂಬಿದೀರಿ?" ಎಂದು ಕೇಳಿದ.

"ಮಷೀನ್ ಒರೆಸೋ ಹತ್ತಿ," ಎಂದ ಮಾಲೀಕ.

ಬೊಂಬೆ ಎನ್ನುವುದೇ ಅವಳ ಹೆಸರಾಗಿ ಐದು ವರ್ಷ. ಹಾಜರಿ ಪುಸ್ತಕದಲ್ಲಿ ಗಂಡಸು. ಬಟ್ಟೆಯ ಥಾನು ಹೊರುವ ಕೆಲಸ. ಹೆತ್ತವರು, ಕಟ್ಟಿಕೊಂಡವಳು, ಜೊತೆಗೆ ದುಡಿಯುವವರು, ಎಲ್ಲರೂ 'ಅವನು' ಅಂತಲೇ ಅನ್ನುತ್ತಿದ್ದರು. ನಾವಿಲ್ಲಿ 'ಅವಳು' ಅನ್ನೋಣ. ಯಾರಪ್ಪನ ಗಂಟೂ ಹೋಗುವುದಿಲ್ಲ.

ಐದು ವರ್ಷದ ಹಿಂದೆ ಕಾರ್ಖಾನೆಯ ಮರದ ಬೊಂಬೆ ಗೆದ್ದಲು ಹಿಡಿದು ಕುಸಿದಾಗ ಮಾಲೀಕನ ಕಣ್ಣು ಇವಳ ಮೇಲೆ ಬಿತ್ತು. ಹೊಟ್ಟೆಗಿಲ್ಲದೆ ಬೆಳೆದ ಮೈ. ಭುಜ ಸಣ್ಣದು, ಸೊಂಟ ಹಿಡಿಯಷ್ಟು. ಟೇಪು ಹಿಡಿದು ನೋಡಿದರೆ ಹೆಣ್ಣಳತೆಗೆ ಕರಾರುವಾಕ್ಕು. ಅಂದಿನಿಂದ ದಿನವೂ ಹನ್ನೆರಡಕ್ಕೆ, ಉಳಿದವರು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ, ಮೂಲೆಯ ಅಳತೆ ಕಟ್ಟೆಯಿಂದ ಕೂಗು ಬರುತ್ತಿತ್ತು: "ಬಾರೇ, ಬೊಂಬೆ!" ಡಬ್ಬಿಗಳ ಮುಂದೆ ನಗು ಏಳುತ್ತಿತ್ತು. ಒಂದು ಗಂಟೆ ಕಳೆದ ಮೇಲೆ ಅದೇ ಬಾಯಿ, "ಆಯ್ತು, ಬಿಚ್ಚೋ. ಹೋಗಿ ಥಾನು ಹೊರೋ" ಎನ್ನುತ್ತಿತ್ತು. ಅವಳ ಊಟ ಮೂರು ಗಂಟೆಗೆ, ಆರಿದ್ದು.

ಬಾರೇ, ಬಿಚ್ಚೋ. ಇವೆರಡರ ನಡುವೆ ಅವಳ ಬದುಕಿತ್ತು. ಬೈಗುಳದ ಹೊಟ್ಟಿನಲ್ಲಿ 'ಬಾರೇ'ಯ ಕೊನೆಯ ಆ ಒಂದು 'ಏ' ಅವಳಿಗೆ ಕಾಳಿನ ಹಾಗೆ ಸಿಗುತ್ತಿತ್ತು. ಈ ಭೂಮಿಯ ಮೇಲೆ ಅವಳನ್ನು ಹೆಣ್ಣೆಂದು ಕರೆಯುವವನು ಆ ಅಯೋಗ್ಯ ಒಬ್ಬನೇ. ಥೂ, ಎಂಥ ಪಾಡು! ಅದು ಅಣಕ ಅಂತ ಗೊತ್ತು. ಆದರೂ ಹನ್ನೆರಡು ಹೊಡೆಯುವ ಮೊದಲೇ ಕಿವಿ ನಿಮಿರುತ್ತಿತ್ತು. ಒಂದು ವಾರ ಕೆಲಸ ಇಲ್ಲವೆಂದು ಮಾಲೀಕ ಕರೆಯದೇ ಇದ್ದಾಗ ಅವಳಿಗೆ ಜ್ವರ ಬಂದಿತ್ತು.

ಗೌನು ತಂದುಕೊಡುತ್ತಿದ್ದವನು ಇಸ್ತ್ರಿಯವನು. ಬಿಸಿ ಆರಿದೆಯೋ ಇಲ್ಲವೋ ಅಂತ ಮುಂಗೈಯಿಂದ ಮುಟ್ಟಿ ನೋಡಿ, "ಸ್ವಲ್ಪ ತಡಿ, ಸುಡುತ್ತೆ" ಅನ್ನುತ್ತಿದ್ದ. ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ನಾಲ್ಕು ವರ್ಷ ಅದು ಅವಳಿಗೆ ಬರೀ ಮಾತಾಗಿತ್ತು. ಈ ವರ್ಷ ಅದೇ ಮಾತು ಕೇಳಲೆಂದು ಬಿಸಿ ಗೌನಿಗೆ ಬೇಕೆಂದೇ ಕೈ ಚಾಚತೊಡಗಿದಳು. ತನ್ನ ಮನಸ್ಸು ಯಾವಾಗ ಮಗ್ಗುಲು ಬದಲಿಸಿತು ಅಂತ ಅವಳಿಗೇ ತಿಳಿಯಲಿಲ್ಲ.

ಹೆಂಡತಿಗೆ ತಿಳಿಯಿತು. ಹೆಂಡತಿಯೂ ಅದೇ ಕಾರ್ಖಾನೆಯಲ್ಲಿ ಹುಕ್ಕು, ಗುಂಡಿ ಹೊಲಿಯುವವಳು; ಸೂಜಿಗಣ್ಣಿನಲ್ಲಿ ದಾರ ಪೋಣಿಸುವವಳ ಕಣ್ಣಿಗೆ ಗಂಡನ ಮೋರೆ ಕಾಣದೇ ಇದ್ದೀತೇ? ಒಂದು ತಿಂಗಳ ಹಿಂದೆ, ರಜೆಯ ಮಧ್ಯಾಹ್ನ, ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ ಕೇಳಿಯೇಬಿಟ್ಟಳು.

"ರೀ, ಬೇರೆ ಯಾವಳಾದ್ರೂ ಇದಾಳಾ? ಇದ್ರೆ ಹೇಳ್ಬಿಡಿ. ನಾನೇನು ಹಾವಲ್ಲ, ಕಚ್ಚಲ್ಲ."

"ಇದಾಳೆ."

"ಯಾರು?"

"ನಾನೇ."

ಹೆಂಡತಿಯ ಕೈಲಿದ್ದ ಒದ್ದೆ ಚಾದರದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಹೇಳುವುದನ್ನೆಲ್ಲ ಬೊಂಬೆ ಹೇಳಿ ಮುಗಿಸಿದಳು. ಅಕ್ಕನ ಲಂಗ ಉಟ್ಟು ಅಪ್ಪನ ಕೈಲಿ ಬೆನ್ನು ಹರಿಯುವಂತೆ ಹೊಡೆಸಿಕೊಂಡದ್ದು, ಮದುವೆ ಮಾಡಿದರೆ ಸರಿಹೋಗುತ್ತದೆ ಅಂತ ಅಮ್ಮ ಅತ್ತದ್ದು, ಹನ್ನೆರಡು ಗಂಟೆಯ ಕೂಗಿಗೆ ದಿನವೂ ಕಾದದ್ದು.

"ನಂಗೂ ನಿನ್ನ ಕಂಡ್ರೆ ಆಸೆ ಇತ್ತು, ಸುಳ್ಳಲ್ಲ. ಈಗ ನಿನ್ನ ಪಕ್ಕ ಕೂತು ತಲೆ ಬಾಚಿಸ್ಕೊಳ್ಳೋಣ ಅನ್ಸುತ್ತೆ. ಮಿಕ್ಕಿದ್ದು ಯಾವ್ದೂ ಅನ್ಸಲ್ಲ."

"ಯಾರನ್ನ ಕಂಡ್ರೆ ಅನ್ಸುತ್ತೆ?"

"ಇಸ್ತ್ರಿಯವನನ್ನ."

ಹೆಂಡತಿ ಮೊದಲು ನಕ್ಕಳು. ಆಮೇಲೆ ಚಾದರವನ್ನು ಕಟ್ಟೆಯ ಮೇಲೆ ಬಡಿದಳು, ಬಡಿದಳು, ತೋಳು ಸೋಲುವ ತನಕ ಬಡಿದಳು.

"ಏಳು ವರ್ಷ ನಾನು ಯಾರ ಜೊತೆ ಬಾಳ್ವೆ ಮಾಡ್ದೆ? ಗಂಡ ಸತ್ರೆ ನಾಲ್ಕು ಜನ ಬಂದು ಅಳ್ತಾರೆ. ನೀವು ಬದುಕಿದ್ದಂಗೇ ಸತ್ರಲ್ರೀ. ನಾನು ಯಾರ ಹತ್ರ ಹೋಗಿ ಅಳ್ಲಿ?"

ಅದೇ ಕೊನೆಯ 'ರೀ'. ಆಮೇಲೆ ಒಂದು ತಿಂಗಳು ಹೆಂಡತಿ ಅವಳನ್ನು ಏನೆಂದೂ ಕರೆಯಲಿಲ್ಲ. ತಟ್ಟೆ ಇಡುವಾಗ "ಊಟ" ಅನ್ನುತ್ತಿದ್ದಳು, ಬಾಗಿಲು ಹಾಕುವಾಗ "ಬೀಗ" ಅನ್ನುತ್ತಿದ್ದಳು. ಕರೆಯಲು ಮಾತೇ ಉಳಿದಿರಲಿಲ್ಲ ಪಾಪ, ಅವಳಾದರೂ ಏನು ಮಾಡಿಯಾಳು.

"ಇದಕ್ಕೆ ಮದುವೆಗಿದುವೆ ಆಗಿದೆಯೇನ್ರೀ?" ಎಂದು ಈಗ ದೊಡ್ಡ ಅಂಗಡಿಯವನು ಕೇಳಿದ.

"ಅಗೋ ನೋಡಿ, ಅದರ ಹೆಂಡ್ತಿ!" ಮಾಲೀಕ ಗುಂಡಿ ಮೇಜಿನ ಕಡೆ ಕೈ ತೋರಿಸಿದ. "ಈ ಗೌನಿನ ಹುಕ್ಕೆಲ್ಲ ಅವಳೇ ಹೊಲಿದಿದ್ದು."

ಡಬ್ಬಿಗಳ ಮುಂದೆ ಕೂತವರೆಲ್ಲ ಹೋ ಎಂದರು. ಹೆಂಡತಿ ತಲೆಯೆತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಂಗಡಿಯವನು ಗೌನು ಒಪ್ಪಿದ, ಕೈ ಒರೆಸಿಕೊಂಡು ಹೋದ.

ಮಾಲೀಕ ಮೂಲೆಯಲ್ಲಿದ್ದ ಉದ್ದನೆಯ ಪೆಟ್ಟಿಗೆಯನ್ನು ಕಾಲಿನಿಂದ ಒದ್ದು ಮುಂದಕ್ಕೆ ತಂದ. ಒಳಗಿನಿಂದ ಬಿಳಿ ಪ್ಲಾಸ್ಟಿಕ್ ಬೊಂಬೆ ಎದ್ದು ಬಂತು. ತಲೆಯಿಲ್ಲ, ಕೈಯಿಲ್ಲ; ಎದೆ ಸೊಂಟ ಎಲ್ಲ ಇದೆ.

"ನೋಡ್ಕೊಳ್ಳೋ. ಬೆವರಲ್ಲ, ಉಸಿರಾಡಲ್ಲ. ಇನ್ಮೇಲೆ ನೀನು ಬೇಡ. ಬಿಚ್ಚೋ, ಇದಕ್ಕೆ ಹಾಕ್ಬೇಕು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಒಂದೇ ಪ್ರಶ್ನೆ ಕೇಳಿದಳು.

"ನಾಳೆ ಹನ್ನೆರಡಕ್ಕೆ, ಸಾರ್?"

"ನಾಳೆಯಿಂದ ಬರೀ ಥಾನು ಹೊರು. ಊಟ ಬೇಗ ಸಿಗುತ್ತಲ್ಲ, ಖುಷಿಪಡು."

"ಸಾರ್, ಇಬ್ಬರ ಥಾನು ನಾನೊಬ್ಬನೇ ಹೊರ್ತೀನಿ. ಊಟ ಬಿಡ್ತೀನಿ. ಮಧ್ಯಾಹ್ನ ಒಂದ್ಸಲ ಕರೀರಿ ಸಾರ್." ಕೈ ಮುಗಿದಳು. "ಬೈದೇ ಕರೀರಿ. ಕಾಲಿಗೆ ಬೀಳ್ತೀನಿ."

ಮಾಲೀಕ ಬಾಯಿ ತೆರೆದು ನೋಡಿದ. ಐದು ವರ್ಷ ತಾನು ಮಾಡಿದ ತಮಾಷೆ ತಮಾಷೆಯಾಗಿರಲಿಲ್ಲವೆಂದು ಅವನಿಗೆ ಆಗ ಹೊಳೆಯಿತು. ಹೊಳೆದದ್ದೇ ಮೈಮೇಲೆ ಹುಳು ಬಿದ್ದವನಂತೆ ಕೂಗಿದ.

"ಥೂ, ಚಕ್ಕಾ ನನ್ಮಗನೇ! ಇಷ್ಟಪಟ್ಟು ಹಾಕ್ಕೊಳ್ತಿದ್ಯೇನೋ? ನನ್ನ ಕಾರ್ಖಾನೇಲಿ? ಬಿಚ್ಚೋ!"

"ಬಿಚ್ಚಲ್ಲ."

"ಏನಂದೆ?"

"ಬಿಚ್ಚಲ್ಲ. ಇದನ್ನ ಬಿಚ್ಚಿದ್ರೆ ನಾನಿಲ್ಲ."

ಕಪಾಳಕ್ಕೆ ಬಿದ್ದ ಏಟಿಗೆ ಅವಳು ಪ್ಲಾಸ್ಟಿಕ್ ಬೊಂಬೆಯ ಮೇಲೆ ಬಿದ್ದಳು. ಎದ್ದು ಎರಡೂ ಕೈಯಿಂದ ಎದೆಯ ಬಟ್ಟೆ ಹಿಡಿದು ನಿಂತಳು. ನಗುವವರ ನಗು ಬಾಯಲ್ಲೇ ಉಳಿಯಿತು.

"ಏಯ್ ಇಸ್ತ್ರಿ! ಬಾ, ಎಳೆದು ಬಿಚ್ಚು!"

ಇಸ್ತ್ರಿಯವನು ಕದಲಲಿಲ್ಲ. ಅವಳು ಅವನ ಕಡೆ ನೋಡಿದಳು. ಬರಬೇಡ ಅಂತಲೋ, ಬಾ ಅಂತಲೋ, ದೇವರಿಗೇ ಗೊತ್ತು. ಅವನು ತಲೆ ತಗ್ಗಿಸಿ ಮೇಜು ನೋಡುತ್ತ ನಿಂತ. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಅಂಗಿಯೊಂದು ಸೀಯತೊಡಗಿತ್ತು. ಅದನ್ನೂ ಅವನು ಎತ್ತಲಿಲ್ಲ.

"ಷಂಡ ನನ್ಮಕ್ಳಾ! ಏ ಗುಂಡಿಯವಳೇ, ನೀನು ಬಾ. ನಿನ್ನ ಗಂಡನ್ನ ನೀನೇ ಬಿಚ್ಚು. ಇಲ್ಲ, ಇಬ್ಬರೂ ಈಗಲೇ ಹೊರಗೆ!"

ಹೆಂಡತಿ ಎದ್ದು ಬಂದಳು. ಚಪ್ಪಲಿ ಸದ್ದು ಹಿಂದೆ ಬಂದು ನಿಂತಾಗ ಬೊಂಬೆ ಕಣ್ಣು ಮುಚ್ಚಿದಳು. ಮುಗಿಯಿತು. ಬೆನ್ನುದ್ದ ಇಪ್ಪತ್ತನಾಲ್ಕು ಹುಕ್ಕು. ಹೊಲಿದವಳಿಗೆ ಬಿಚ್ಚಲು ಎಷ್ಟು ಹೊತ್ತು ಬೇಕು? ಬೆರಳು ಸೊಂಟಕ್ಕೆ ತಾಕಿದವು. ಪಕ್ಕೆಯಲ್ಲಿ ಚುಚ್ಚಿದ್ದ ಗುಂಡುಸೂಜಿಗಳನ್ನು ಮೊದಲು ಒಂದೊಂದಾಗಿ ಕಿತ್ತು ನೆಲಕ್ಕೆ ಹಾಕಿದವು. ಆಮೇಲೆ ಹುಕ್ಕು ಬಿಚ್ಚುವ ಸದ್ದು ಬರಲಿಲ್ಲ. ಹಲ್ಲಿನಲ್ಲಿ ದಾರ ಕಡಿದ ಸದ್ದು ಬಂತು.

"ಏನೇ ಮಾಡ್ತಿದೀಯ?" ಎಂದ ಮಾಲೀಕ.

ಹೆಂಡತಿ ಹುಕ್ಕು ಹಾಕಿದ್ದ ಸೀಳಿನ ಎರಡೂ ಬದಿಯನ್ನು ಬೆರಳಲ್ಲಿ ಒತ್ತಿ ಸೇರಿಸಿ, ಎರಡೆಳೆ ದಾರದಲ್ಲಿ ಕತ್ತಿನಿಂದ ಕೆಳಕ್ಕೆ ಹೊಲಿಯುತ್ತ ಬಂದಳು. ಅಂಚಿನಲ್ಲಲ್ಲ, ಸ್ಯಾಟಿನ್ನಿನ ಮೈಮೇಲೇ, ಎದ್ದು ಕಾಣುವಂತೆ.

"ಅಯ್ಯೋ, ತೂತು! ನನ್ನ ಮಾದರಿ ಗೌನು! ಕತ್ತರಿ ತನ್ರೋ! ಗೇಟು ಹಾಕ್ರೋ! ಇವೆರಡನ್ನೂ ಇಲ್ಲೇ ಹುಗೀತೀನಿ ಇವತ್ತು!"

ಯಾರೋ ಓಡಿದರು. ಗೇಟು ಬಿದ್ದ ಸದ್ದು ಕೇಳಿತು. ಕಟಿಂಗ್ ಮೇಜಿನ ಮೇಲಿಂದ ದೊಡ್ಡ ಕತ್ತರಿ ಯಾರ ಕೈಗೋ ಬಂತು. ಬೊಂಬೆಗೆ ಅಳು ಒತ್ತರಿಸಿ ಬಂದು ಬೆನ್ನೆಲ್ಲ ಅಲುಗತೊಡಗಿತು. ಹೆಂಡತಿ ಎಡಗೈಯಿಂದ ಆ ಬೆನ್ನನ್ನು ಒತ್ತಿ ಹಿಡಿದಳು. ಅವಳ ಕಣ್ಣಲ್ಲೂ ನೀರು ತುಂಬಿ ದಾರ ಸರಿಯಾಗಿ ಕಾಣುತ್ತಿರಲಿಲ್ಲ.

"ಅಲ್ಲಾಡ್ಬೇಡ ಕಣೇ," ಎಂದಳು. "ಸೂಜಿ ಚುಚ್ಚುತ್ತೆ."