ಯಾವ ಊರಿನ ಹೌದು

ಗದ್ದ ಮೇಲೆ ಹೋಯಿತು, ಹೋಗಿದ್ದನ್ನು ನೆವೆನಾ ನೋಡಿದಳು, ಮತ್ತೆ ಕೆಳಗೆ ಬಂತೇ — ಬಂದಿರಲೇಬೇಕು, ಮೇಲೆ ಹೋದ ಗದ್ದ ಅಲ್ಲೇ ಇರುತ್ತದೆಯೇ, ಆದರೆ ಅದು ತಾನಾಗಿ ಇಳಿದದ್ದೋ ಅವನೇ ಇಳಿಸಿದ್ದೋ, ಅಷ್ಟರಲ್ಲಿ ಗೋಡೆಯ ಮೇಲಿನ ಪರದೆ ಮಿಣುಕಿತು, ಪ್ಲಾಮೆನ್‌ನ ಬಾಯಿ ಆಡುತ್ತಲೇ ಇದೆ, ದನಿ ಇಲ್ಲ, ಹ್ಯಾಂಬುರ್ಗಿನ ಯಾವುದೋ ಕೋಣೆಯಲ್ಲಿ ಕೂತ ಗಂಡ, ಹದಿನೇಳು ವರ್ಷದ ಹಿಂದೆ ಹೋದ ಗಂಡ, ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದಾನೆ, ನ್ಯಾಯಾಧೀಶೆ ಕನ್ನಡಕ ತೆಗೆದು ಗುಮಾಸ್ತೆಯ ಕಡೆ ತಿರುಗಿದಳು, ಏನಮ್ಮಾ ಇದು, ಶಬ್ದ ಎಲ್ಲಿ, ಬರತ್ತೆ ಮೇಡಂ, ಈಗ ತಾನೇ ಇತ್ತು, ಒಂದ್ನಿಮಿಷ. ವಿಚ್ಛೇದನಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿದ್ದಕ್ಕೆ ಅವನಿಂದ ಬಂದ ಉತ್ತರ ಆ ಗದ್ದ ಅಷ್ಟೇ. ಪಕ್ಕದಲ್ಲಿದ್ದ ವಕೀಲೆ ಕಾಲಿನಾ ಅವಳ ಕಿವಿಯ ಹತ್ತಿರ ಬಗ್ಗಿ, ಏನಂದ್ರು ಅವ್ರು, ಹೌದಾ ಇಲ್ವಾ, ನಿಮಗೇ ತಾನೇ ಗೊತ್ತಾಗ್ಬೇಕು, ನಿಮ್ಮ ಗಂಡ, ಎಂದಳು. ಅದು ಗೊತ್ತಾಗುವ ಹಾಗಿದ್ದರೆ ನೆವೆನಾ ಈ ಕೋರ್ಟಿನ ಮೆಟ್ಟಿಲನ್ನಾದರೂ ಯಾಕೆ ಹತ್ತುತ್ತಿದ್ದಳು.

ಗದ್ದ ಎತ್ತಿದರೆ ಇಲ್ಲ, ಬಲ್ಗೇರಿಯಾದಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು, ತಲೆ ಅಡ್ಡಡ್ಡ ಆಡಿಸಿದರೆ ಹೌದು, ಗದ್ದ ಮೇಲೆತ್ತಿ ನಾಲಿಗೆ ಲೊಚಗುಟ್ಟಿದರೆ ಇಲ್ಲ, ಜರ್ಮನರದ್ದು ಪೂರಾ ತಿರುವುಮುರುವು, ಗದ್ದ ಮೇಲೆತ್ತಿ ಕೆಳಗಿಳಿಸಿದರೆ ಹೌದು, ಅದು ಅವಳಿಗೆ ತಿಳಿದದ್ದು ಹುರುಳಿಕಾಯಿ ಬೀಜದ ಸಾರಿನಿಂದ, ಅವನು ಮೊದಲ ಸಲ ರಜೆಗೆ ಬಂದಾಗ, ಹೋಗಿ ಮೂರು ವರ್ಷವಾಗಿತ್ತು, ಇನ್ನೊಂದು ಸೌಟು ಹಾಕ್ಲಾ ಅಂದಳು, ಅವನು ತಲೆ ಅಡ್ಡಡ್ಡ ಆಡಿಸಿದ, ಹಾಕಿದಳು, ಬೇಡ ಅಂದೆನಲ್ಲೇ, ಎಲ್ಲೋ ಅಂದೆ, ತಲೆ ಆಡಿಸಿದ್ಯಲ್ಲ, ಅಲ್ಲಿ ಹಿಂಗೆ ಆಡಿಸಿದ್ರೆ ಬೇಡ ಅಂತ ಕಣೇ, ಅತ್ತೆ ದೋನ್ಕಾ ರೊಟ್ಟಿ ಮುರಿಯುತ್ತಿದ್ದವಳು ತಲೆ ಎತ್ತದೆ, ಅಲ್ಲೀದು ಅಲ್ಲಿಗೆ ಮಗನೇ, ಇಲ್ಲಿ ಕೂತು ಉಣ್ಣೋವಾಗ ಇಲ್ಲೀ ತಲೆ ಇಟ್ಕೊಂಡು ಉಣ್ಣು ಅಂದಳು, ಮೂವರೂ ನಕ್ಕರು, ನೆವೆನಾ ಎಲ್ಲರಿಗಿಂತ ಜಾಸ್ತಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು, ಆಮೇಲೆ ತಟ್ಟೆ ತೊಳೆಯುವಾಗಲೂ ಆ ನೀರು ನಿಲ್ಲಲಿಲ್ಲ. ಆ ಸಲದ ಎರಡು ವಾರ ಪೂರ್ತಿ ಅದೇ ತಮಾಷೆ, ಹಾಸಿಗೆಯಲ್ಲೂ ಅದೇ, ಇದು ಯಾವೂರ ಹೌದೋ, ನಮ್ಮೂರ ಹೌದು ಕಣೇ. ಅದಕ್ಕೂ ಮುಂಚೆ, ಹೊರಟ ದಿನ, ಬಸ್ಸಿನ ಗಾಜಿನ ಆಚೆ ಅವನು, ಈಚೆ ಇವಳು, ಈಸ್ಟರಿಗೆ ಬರ್ತೀಯಾ ಅಂತ ಕೂಗಿದಳು, ಆಗಲೂ ದನಿ ದಾಟಲಿಲ್ಲ, ಅವನು ತಲೆ ಅಡ್ಡಡ್ಡ ಆಡಿಸಿದ, ಹೌದು ಹೌದು ಹೌದು, ಹಡಗಿಗೆ ಬಣ್ಣ ಬಳಿಯೋ ಕೆಲಸ, ಎರಡೇ ವರ್ಷ ಅಂತಿದ್ದವನು, ಈಸ್ಟರ್ ಬಂತು, ಕೆಂಪು ಮೊಟ್ಟೆ ಒಡೆದು ತಿಂದಾಯಿತು, ಅವನು ಬರಲಿಲ್ಲ. ಹಾಗಾದರೆ ಆ ಹೌದು ಆಗಲೇ ಜರ್ಮನಿಯ ಇಲ್ಲ ಆಗಿತ್ತೇ, ಬಸ್ಸು ಇನ್ನೂ ನಿಲ್ದಾಣ ಬಿಟ್ಟಿರಲಿಲ್ಲವಲ್ಲ. ಕೊನೆಯ ಸಲ ಬಂದದ್ದು ಅತ್ತೆಯ ಮಣ್ಣಿಗೆ, ಹನ್ನೊಂದು ವರ್ಷವಾಯಿತು, ಸಮಾಧಿಯ ಹತ್ತಿರ ಬೇಯಿಸಿದ ಗೋಧಿ ಹಂಚುತ್ತಾ ಕೇಳಿದಳು, ಇರ್ತೀಯಾ, ಅವನು ಮೇಲೂ ಇಲ್ಲ ಅಡ್ಡವೂ ಇಲ್ಲ, ಯಾವ ದೇಶದ ತಲೆಯನ್ನೂ ಆಡಿಸಲಿಲ್ಲ, ಅಂಗೈಯ ಗೋಧಿ ನೋಡುತ್ತಾ ನಿಂತ, ಅಡ್ಡಗೋಡೆ ಮೇಲೆ ದೀಪ ಇಡೋದ್ರಲ್ಲಿ ನನ್ನ ಮಗನ್ನ ಮೀರ್ಸೋರಿಲ್ಲ ಅಂತ ಅತ್ತೆ ಹೇಳುತ್ತಿದ್ದಳು, ಪುಣ್ಯಾತ್ಗಿತ್ತಿ, ಅವಳಾದರೂ ಇದ್ದಿದ್ದರೆ ಈಗ ಕೇಳಬಹುದಿತ್ತು, ಅತ್ತೆ, ಹೆತ್ತವಳು ನೀನು, ನೋಡಿ ಹೇಳು, ಆ ಗದ್ದ ಏನಂತು.

ಕಾಲಿನಾ ಮೊದಲೇ ಹೇಳಿದ್ದಳು, ಇಬ್ರೂ ಹೌದು ಅಂದ್ರೆ ಇವತ್ತೇ ಮುಗೀತು, ಅವ್ರು ಇಲ್ಲ ಅಂದ್ರೆ ತಪ್ಪು ಯಾರ್ದು ಅಂತ ಜಗಳ ಶುರು, ಸಾಕ್ಷಿ, ನೆರೆಹೊರೆ, ಎರಡು ವರ್ಷನೋ ಮೂರೋ. ಕೆಳಗೆ ಬಾಗಿಲ ಹತ್ತಿರ ಅಸೆನ್ ಕಾಯುತ್ತಿದ್ದಾನೆ, ಶಾಲೆಯ ಬಸ್ಸು ಓಡಿಸುವ ಅಸೆನ್, ಹೆಂಡತಿಯನ್ನು ಕಳೆದುಕೊಂಡವನು, ನಾನೇನು ಅವಸರ ಮಾಡ್ತಿಲ್ಲ ನೆವೆನಾ, ಆದ್ರೆ ನನ್ಗೂ ಐವತ್ತೆಂಟು, ದ್ರಾಕ್ಷಿ ಕೊಯ್ಲು ಮುಗಿದ್ಮೇಲೆ ಮದುವೆ ಇಟ್ಕೊಳ್ಳೋಣ್ವಾ ಅಂದಿದ್ದ, ಅವಳು ತಲೆ ಅಡ್ಡಡ್ಡ ಆಡಿಸಿದ್ದಳು, ಅವನಿಗೆ ತಕ್ಷಣ ಅರ್ಥವಾಯಿತು, ಏನು ಸುಖ ಅದು, ತಲೆ ಆಡಿಸಿದರೆ ಅರ್ಥವಾಗುವುದು. ಅಸೆನ್ ಬೇಕು. ಅದರಲ್ಲಿ ಅನುಮಾನವಿಲ್ಲ, ಇವತ್ತೇ ಮುಗಿಯಲಿ, ಆ ಗದ್ದ ಜರ್ಮನಿಯ ಹೌದೇ ಆಗಲಿ — ಆದರೆ ಕೋಲೆ ಬಸವನ ಹಾಗೆ ಗೋಣು ಹಾಕಿಬಿಟ್ಟನೇ, ಕೇಳಿದ ಕೂಡಲೇ, ಹದಿನೇಳು ವರ್ಷಕ್ಕೆ ಒಂದು ಕ್ಷಣ ಯೋಚನೆಯೂ ಬೇಡವೇ. ಅಲ್ಲಲ್ಲ, ಅದು ನಮ್ಮೂರ ಇಲ್ಲ ಇರಬೇಕು, ಒಪ್ಪುವುದಿಲ್ಲ ಅಂದಿದ್ದಾನೆ — ಆಹಾ, ಒಪ್ಪದಿರಲು ಇವನ್ಯಾರು, ಬರಲಿಲ್ಲ, ಕರೆಸಿಕೊಳ್ಳಲಿಲ್ಲ, ಈಗ ಇಲ್ಲ ಅನ್ನುತ್ತಾನಂತೆ. ಅವನ ಹಿಂದೆ ಕಿಟಕಿಯಲ್ಲಿ ಒಂದು ಹೂಕುಂಡ, ಎಲೆಗಳು ಹಸಿರಾಗಿವೆ, ಗಿಡಕ್ಕೆ ನೀರು ಹಾಕುವ ಗಂಡಸಲ್ಲ ಅವನು, ಮತ್ತೆ ಯಾರು ಹಾಕುತ್ತಾರೆ, ಹಾಕಲಿ, ನನಗೇನು, ಕೂದಲು ಇಷ್ಟು ನೆರೆತದ್ದು ಯಾವಾಗ, ಬಾಯಿ ಇನ್ನೂ ಆಡುತ್ತಿದೆ, ಅಷ್ಟೊಂದು ಏನು ಹೇಳುತ್ತಿದ್ದಾನೆ, ಫೋನಿನಲ್ಲಿ ಎಂದೂ ಇಷ್ಟು ಮಾತಾಡಿದವನಲ್ಲ, ಹೌದು ಅನ್ನುವುದಕ್ಕೆ ಇಷ್ಟುದ್ದ ಬೇಕೇ, ಇಲ್ಲ ಅನ್ನುವುದಕ್ಕೂ ಬೇಡ.

ಬಂತು ಮೇಡಂ. ಪರದೆಯೊಳಗೆ ಕುರ್ಚಿ ಕಿರುಗುಟ್ಟಿತು, ಅವನ ಉಸಿರು ಕೇಳಿಸಿತು, ಅಷ್ಟು ಹತ್ತಿರ. ನೋಡಿ, ಮೊದ್ಲು ಹೇಳಿದ್ದು ಯಾವ್ದೂ ಕೇಳಿಸ್ಲಿಲ್ಲ, ಇನ್ನೊಮ್ಮೆ ಹೇಳಿ, ತಲೆ ಆಡಿಸ್ಬೇಡಿ, ಬಾಯಲ್ಲಿ ಹೇಳಿ, ಒಪ್ಪಿಗೆ ಇದೆಯಾ ಎಂದಳು ನ್ಯಾಯಾಧೀಶೆ. ಎಲ್ಲಾನೂ ಇನ್ನೊಮ್ಮೆ ಹೇಳ್ಬೇಕಾ, ಎಂದ ಪ್ಲಾಮೆನ್, ದನಿ ಒಡೆದಿತ್ತು, ಉತ್ತರ ಒಂದೇ ಸಾಕು ಅಂತ ನ್ಯಾಯಾಧೀಶೆ. ಪ್ಲಾಮೆನ್‌ನ ಕಣ್ಣು ಸ್ವಲ್ಪ ಪಕ್ಕಕ್ಕೆ ಸರಿಯಿತು, ಅವನ ಕಡೆಯ ಪರದೆಯಲ್ಲಿ ನೆವೆನಾ ಕೂತಿರುವುದು ಅಲ್ಲೇ ಇರಬೇಕು, ಗದ್ದ ಮೇಲೆ ಹೋಯಿತು, ಮೇಲೆ, ಚಿತ್ರ ಅಲ್ಲೇ ನಿಂತುಬಿಟ್ಟಿತು. ನಿಂತ ಚಿತ್ರದೊಳಗಿಂದ ದನಿ ಮಾತ್ರ ಬಂತು, ಹೌದು, ಒಪ್ಪಿಗೆ ಇದೆ. ಗುಮಾಸ್ತೆ ಟಕಟಕ ಬರೆದುಕೊಂಡಳು, ಕಾಲಿನಾ ನೆವೆನಾಳ ಮೊಣಕೈ ಒತ್ತಿದಳು, ಬದುಕಿದ್ವಿ, ಈಗ ನೀವು ಹೇಳಿದ್ರೆ ಮುಗೀತು. ನೆವೆನಾ ಅವರೇ, ನಿಮ್ದು? ಹೌದು ನಾಲಿಗೆಯ ತುದಿಯಲ್ಲೇ ಇದೆ, ಬೆಳಿಗ್ಗೆಯಿಂದ ಅಲ್ಲೇ ಇದೆ, ಹೇಳುತ್ತಾಳೆ, ಹೇಳೇ ಹೇಳುತ್ತಾಳೆ, ಆದರೆ ಅವನ ಬಾಯಿ ಒಂದು ಹೇಳಿತು, ಗದ್ದ — ಗದ್ದ ಇಳಿಯಲಿ, ಇಳಿದರೆ ಅದು ಬರೀ ಜರ್ಮನರ ಹಾಗೆ ಗೋಣು ಹಾಕಿದ್ದು, ಅವನು ಅಲ್ಲಿಯವನು, ಸರಿ, ಇಳಿಯದಿದ್ದರೆ ಬಾಯಿ ಹೌದು ಅನ್ನುವಾಗ ಅವನ ತಲೆ ಊರಿನ ಮಾತಾಡುತ್ತಿತ್ತು, ಇಲ್ಲ ಅನ್ನುತ್ತಿತ್ತು, ನೆವೆನಾ ಅವರೇ, ಕೇಳಿಸ್ತಾ, ಕೇಳಿಸಿತು, ಒಂದ್ನಿಮಿಷ, ಇಳಿಯಲಿ, ಕತ್ತಿನ ನರ ಕಾಣುತ್ತಿದೆ, ಸರಿಯಾಗಿ ಬೋಳಿಸದ ಬಿಳಿಗಡ್ಡ ಕಾಣುತ್ತಿದೆ, ಗದ್ದ ಮೇಲಿದೆ, ಇನ್ನೂ ಮೇಲೇ ಇದೆ