ಮೂರು ಸಲ ಹೇಳಿದ್ದು

ರಿಪೇರಿ ಅಂಗಡಿಯ ಮುಂದೆ ಕಾರೊಂದು ಕಿರುಗುಟ್ಟುತ್ತಾ ಬಂದು ನಿಂತಾಗ ದೇವರಾಜು ತಲೆಯೆತ್ತದೆಯೇ, ಸದ್ದು ಮುಂದಿನ ಎಡಗಾಲಿಯದು ಅಂದುಕೊಂಡ. ಕೈ ಒರೆಸಿಕೊಂಡು ಎದ್ದ ಮೇಲೆ ಕಾರಿನಿಂದ ಇಳಿದವನ ಮುಖ ಕಂಡಿತು. ಅನಂತರಾಜು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಕಾಲದಲ್ಲಿ ಸೋಲೂರಿನಿಂದ ಮಾಗಡಿ ಮೇಲೆ ರಾಮನಗರಕ್ಕೆ ಓಡುತ್ತಿದ್ದ ಬಸ್ಸಿನ ಮಾಲೀಕ. ಆ ಬಸ್ಸನ್ನು ಆರು ವರ್ಷ ಓಡಿಸಿದವನು ದೇವರಾಜು.

ಅನಂತರಾಜುವಿಗೆ ಅವನ ಗುರುತು ಸಿಗಲಿಲ್ಲ. ದೇವರಾಜುವಿಗೆ ಗಡ್ಡ ಬಂದಿತ್ತು, ಕನ್ನಡಕ ಬಂದಿತ್ತು. ಅದೂ ಅಲ್ಲದೆ ಕೆಲಸ ಮಾಡುವವರ ಮುಖ ನೋಡಿ ಮಾತಾಡುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇರಲಿಲ್ಲ. ಕಾರು ಒಂದು ತಿಂಗಳಿಂದ ಹೀಗೇ ಕೂಗುತ್ತಿದೆ, ಎರಡು ಕಡೆ ತೋರಿಸಿಯಾಯಿತು, ಧೂಳು ಊದಿ ಕಳಿಸಿದರು, ಮಾಗಡಿಯಲ್ಲಿ ಬ್ರೇಕಿಗೆ ನಿನ್ನನ್ನೇ ಹೇಳಿದರು ಎಂದು ಫೋನ್ ನೋಡುತ್ತಲೇ ಹೇಳಿ ನೆರಳಿನ ಕುರ್ಚಿಯಲ್ಲಿ ಕೂತ.

ದೇವರಾಜು ಜ್ಯಾಕ್ ಏರಿಸಿ ಚಕ್ರ ಬಿಚ್ಚಿದ. ಬ್ರೇಕಿನ ಹೊರಗಿನ ಪ್ಯಾಡು ಹೊಸದರ ಹಾಗೇ ಇತ್ತು. ನೋಡಿದವರೆಲ್ಲ ಅಷ್ಟನ್ನೇ ನೋಡಿ ಕಳಿಸಿದ್ದರು. ಅವನು ಬಗ್ಗಿ ಒಳಗೆ ಟಾರ್ಚ್ ಬಿಟ್ಟ. ಒಳಗಿನ ಪ್ಯಾಡು ಸವೆದು ಬರೀ ತಗಡು ಉಳಿದಿತ್ತು. ಎರಡೂ ಪ್ಯಾಡನ್ನು ಸಮವಾಗಿ ಒತ್ತಿಸಬೇಕಾದ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡು, ಒಂದೇ ಕಡೆ ಉಜ್ಜಿ ಉಜ್ಜಿ ಹಾಗಾಗಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಡಿಸ್ಕಿನ ಮೇಲೆ ಗೀರುಗಳು ಎದ್ದಿದ್ದವು. ಇನ್ನು ಹತ್ತು ದಿನ ಹಿಡಿದೀತು, ಹೆಚ್ಚೆಂದರೆ.

ಅವನು ಸ್ವಲ್ಪ ಹೊತ್ತು ಹಾಗೇ ಕುಕ್ಕರಗಾಲಲ್ಲಿ ಕೂತಿದ್ದ. ಹತ್ತು ದಿನ. ಧೂಳು ಊದಿ, ಚಕ್ರ ಮುಚ್ಚಿ, ಹೋಗಿಬನ್ನಿ ಎಂದರೆ ಮುಗಿಯಿತು, ಯಾರೂ ಕೇಳುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಬಸ್ಸು ಇದಕ್ಕಿಂತ ಕೆಟ್ಟದಾಗಿ ಕೂಗುತ್ತಿತ್ತು. ಒಂದೇ ವಾರದಲ್ಲಿ ದೇವರಾಜು ಮಾಲೀಕನಿಗೆ ಎರಡು ಸಲ ಹೇಳಿದ್ದ. ಮೂರನೆಯ ಸಲ, ಒಂದು ಸೋಮವಾರ ಬೆಳಿಗ್ಗೆ, ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿಕೊಂಡೇ ಫೋನ್ ಮಾಡಿ ಬ್ರೇಕು ಹಿಡಿಯುತ್ತಿಲ್ಲ ಅಂದ. ಇದೊಂದು ಟ್ರಿಪ್ಪು ಹೊಡಿ ಎಂದಿದ್ದ ಅನಂತರಾಜು. ಹನ್ನೊಂದು ನಿಮಿಷದ ಮೇಲೆ, ಸೋಲೂರು ದಾರಿಯ ಇಳಿಜಾರಿನ ಬುಡದಲ್ಲಿ, ಕಾಲೇಜಿಗೆ ಹೊರಟು ನಿಂತಿದ್ದ ಮನು ಎಂಬ ಹುಡುಗ ಚಕ್ರದಡಿ ಹೋದ. ಕೋರ್ಟಿನಲ್ಲಿ ಅನಂತರಾಜು ಬ್ರೇಕು ಹೊಸದು ಎನ್ನುವ ರಸೀದಿ ತಂದು ತೋರಿಸಿದ. ಆ ಫೋನು ರಜೆ ಕೇಳಲು ಬಂದದ್ದು, ಓಡಿಸುತ್ತಾ ಮಾತಾಡಬೇಡ ಎಂದು ತಾನೇ ಬೈದೆ ಎಂದ. ದೇವರಾಜುವಿಗೆ ಎರಡು ವರ್ಷ ಜೈಲಾಯಿತು. ಹೊರಗೆ ಬಂದ ಮೇಲೂ ಮನುವಿನ ತಾಯಿ ದೊಡ್ಡಲಕ್ಷ್ಮಮ್ಮ ಸಂತೆಯಲ್ಲಿ ಅವನನ್ನು ಕಂಡರೆ ನಿಂತಲ್ಲೇ ಉಗುಳಿ ಹೋಗುತ್ತಿದ್ದಳು. ಅವಳು ಉಗುಳಿದ್ದಕ್ಕೆ ಅವನಿಗೆ ಸಿಟ್ಟಿರಲಿಲ್ಲ. ಅವಳು ತಪ್ಪು ಮನುಷ್ಯನಿಗೆ ಉಗುಳುತ್ತಿದ್ದಾಳೆ ಅನ್ನುವುದೊಂದೇ ಅವನನ್ನು ಒಳಗೊಳಗೇ ಅರೆಯುತ್ತಿತ್ತು.

ದೇವರಾಜು ಎದ್ದು ಎದುರಿನ ಅಂಗಡಿಯಿಂದ ಹೊಸ ಪ್ಯಾಡುಗಳನ್ನು ತಂದ. ಪಿನ್ನುಗಳನ್ನು ಎಳೆದು ತುಕ್ಕು ಉಜ್ಜಿ ಗ್ರೀಸ್ ಹಾಕಿದ, ಡಿಸ್ಕಿನ ಗೀರು ತೀಡಿದ, ಬಲಗಡೆಯದನ್ನೂ ಬಿಚ್ಚಿ ನೋಡಿದ. ತನ್ನ ಸ್ವಂತ ಗಾಡಿಗೂ ಅಷ್ಟು ಚೊಕ್ಕವಾಗಿ ಮಾಡಿರಲಿಲ್ಲ. ಮುಗಿದಾಗ ನಾಲ್ಕು ಗಂಟೆ. ಅನಂತರಾಜು ಆಯಿತಾ ಎಂದು ಕೇಳಿದ್ದಕ್ಕೆ, ಇನ್ನೂ ಅನುಮಾನ ಐತೆ, ಓಡಿಸಿ ನೋಡಬೇಕು, ನೀವೂ ಕೂತರೆ ಸದ್ದು ಎಲ್ಲಿಂದ ಅಂತ ಹೇಳಬಹುದು ಅಂದ. ಅನಂತರಾಜು ಗೊಣಗುತ್ತಾ ಪಕ್ಕದ ಸೀಟಿನಲ್ಲಿ ಕೂತ.

ದೇವರಾಜು ಕಾರನ್ನು ಊರು ದಾಟಿಸಿದ. ಸೋಲೂರು ದಾರಿಯ ಇಳಿಜಾರಿನ ನೆತ್ತಿಯಲ್ಲಿ ಗೇರು ಬದಲಿಸಿ, ಬ್ರೇಕಿನ ಮೇಲಿದ್ದ ಪಾದವನ್ನು ತೆಗೆದು ಪಕ್ಕಕ್ಕಿಟ್ಟ.

"ಒಸಿ ನಿಧಾನ" ಅಂದ ಅನಂತರಾಜು.

"ಬ್ರೇಕು ಹಿಡೀತಿಲ್ಲ ಸಾರ್."

ಕಾರು ಇಳಿಯತೊಡಗಿತು. ಅನಂತರಾಜು ಹ್ಯಾಂಡ್‌ಬ್ರೇಕಿಗೆ ಕೈಹಾಕಿದ. ಅಲ್ಲಿ ದೇವರಾಜುವಿನ ಕೈ ಆಗಲೇ ಇತ್ತು. ರಸ್ತೆಬದಿಯ ತೆಂಗಿನ ಮರಗಳು ಒಂದರ ಮೇಲೊಂದು ಹಿಂದೆ ಹೋದವು.

"ಈ ಇಳಿಜಾರು ಗ್ಯಾಪಕ ಐತಾ ಸಾರ್? ಇದೇ ಮಾತ ನಾನು ಅವತ್ತು ಫೋನಲ್ಲಿ ಯೋಳಿದ್ದೆ. ಇದೊಂದು ಟ್ರಿಪ್ಪು ಹೊಡಿ ಅಂದ್ರಿ."

ಆಗ ಅನಂತರಾಜು ಮೊದಲ ಸಲ ಅವನ ಮುಖವನ್ನು ನೋಡಿದ. ಎರಡೂ ಕೈಯಲ್ಲಿ ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡ. ಬುಡದ ತಿರುವು ಕಾಣಿಸಿತು.

"ಎಷ್ಟು ಸಲ ಯೋಳಿದ್ದೆ?" ದೇವರಾಜು ದನಿ ಏರಿಸಲಿಲ್ಲ.

"ಮೂರು ಸಲ. ನೀನು ಮೂರು ಸಲ ಹೇಳಿದ್ದೆ ಕಣಪ್ಪ. ರಸೀದಿ ಸುಳ್ಳು. ನಿಲ್ಲಿಸು."

ದೇವರಾಜು ಪೆಡಲ್ ಒತ್ತಿದ. ಕಾರು ತಿರುವಿಗೆ ನಾಲ್ಕು ಮಾರು ಇರುವಾಗ ಒಂದಿಷ್ಟೂ ಸದ್ದಿಲ್ಲದೆ ನಿಂತಿತು. ಅನಂತರಾಜು ನಡುಗುತ್ತಿದ್ದ. ಆ ನಡುಕವನ್ನು ನೋಡುವುದಕ್ಕಾಗಿಯೇ ದೇವರಾಜು ಒಂಬತ್ತು ವರ್ಷ ಕಾದಿದ್ದ. ನೋಡಿದಾಗ ಖುಷಿಯೇ ಆಯಿತು. ಆದರೆ ಸಾಕು ಅನ್ನಿಸಲಿಲ್ಲ.

"ನಂಗಲ್ಲ ಯೋಳಬೇಕಾದ್ದು" ಅಂದು ಕಾರನ್ನು ಎಡಗಡೆಯ ಮಣ್ಣುದಾರಿಗೆ ತಿರುಗಿಸಿದ.

ದೊಡ್ಡಲಕ್ಷ್ಮಮ್ಮ ಮನೆಯ ಮುಂದೆ ಹಸುವಿಗೆ ಬೂಸಾ ಕಲೆಸುತ್ತಿದ್ದಳು. ದೇವರಾಜುವನ್ನು ಕಂಡು ಅವಳ ಕೈ ನಿಂತಿತು. ಅವಳು ಬಾಯಿ ತೆರೆಯುವ ಮೊದಲೇ ಅವನು ಅನಂತರಾಜುವನ್ನು ಇಳಿಸಿ ಅಂಗಳದ ಮಧ್ಯಕ್ಕೆ ಕರೆತಂದ. ಅನಂತರಾಜು ಗಂಟಲು ಸರಿಮಾಡಿಕೊಂಡು, ಆದದ್ದಾಯಿತಮ್ಮ, ಎಲ್ಲಾ ಹಣೆಬರಹ ಎಂದು ಏನೋ ಶುರುಮಾಡಿದ. ದೇವರಾಜು ಹಿಂದಿರುಗಿ ಹೋಗಿ ಕಾರಿನ ಎಡಬಾಗಿಲು ತೆರೆದು ಹಿಡಿದ.

"ಬನ್ನಿ ಸಾರ್, ಓಗಣ. ಇನ್ನೊಂದು ಸಲ ಇಳಿಜಾರು ಇಳಿದು ನೋಡಿದ್ರೆ ಸದ್ದು ಎಲ್ಲಿಂದ ಅಂತ ತಿಳೀತೈತೆ."

ಅನಂತರಾಜು ತೆರೆದ ಬಾಗಿಲನ್ನೊಮ್ಮೆ ನೋಡಿದ. ಆಮೇಲೆ ನೆಲ ನೋಡುತ್ತಾ ಎಲ್ಲವನ್ನೂ ಹೇಳಿದ: ಮೂರು ಸಲ ಬಂದ ದೂರು, ಇದೊಂದು ಟ್ರಿಪ್ಪು ಎಂದದ್ದು, ರಸೀದಿ ಬರೆಸಿದ್ದು, ಕೋರ್ಟಿನಲ್ಲಿ ಆಡಿದ್ದು. ಪಕ್ಕದ ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಬಂದು ನಿಂತಿದ್ದರು. ಅವರಿಗೆ ಕೇಳಿಸಲಿಲ್ಲವೆಂದು ದೇವರಾಜು ಒಂದು ಮಾತನ್ನು ಇನ್ನೊಮ್ಮೆ ಹೇಳಿಸಿದ.

ದೊಡ್ಡಲಕ್ಷ್ಮಮ್ಮ ಬೂಸಾ ಮೆತ್ತಿದ ಕೈಗಳನ್ನು ಮುಂದಕ್ಕೆ ಹಿಡಿದುಕೊಂಡೇ ಕೇಳಿದಳು. ಮುಗಿದ ಮೇಲೆ ಅವಳು ಉಗುಳಲೂ ಇಲ್ಲ, ಶಪಿಸಲೂ ಇಲ್ಲ. ಅನಂತರಾಜು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ದೇವರಾಜುವಿನ ಕಡೆ ತಿರುಗಿದಳು.

"ನೀನು ನೋಡಿದ್ದೆಯಲ್ಲಪ್ಪ ನಮ್ಮ ಮನೂನ. ಕಡೇಗೆ ಎಂಗಿದ್ದ?"

ಇದನ್ನು ಅವನನ್ನು ಯಾರೂ ಕೇಳಿರಲಿಲ್ಲ, ಪೊಲೀಸರೂ ವಕೀಲರೂ. ಹೇಳಲು ಅವನು ಸಿದ್ಧನಾಗಿಯೂ ಬಂದಿರಲಿಲ್ಲ.

"ಕೈ ಅಡ್ಡ ಹಿಡಿದಿದ್ದ ಕಣವ್ವ. ಬ್ರೇಕು ಕೂಗಿದ್ದು ಕೇಳಿ ಬಸ್ಸು ನಿಲ್ತೈತೆ ಅಂದ್ಕಂಡ. ಅತ್ತೋಕೆ ಅಂತ ಒಂದು ಎಜ್ಜೆ ಮುಂದಕ್ಕೆ ಬಂದ್ಬುಟ್ಟ. ನಗ್ತಿದ್ದ. ಲೇಟಾಯ್ತೇನೋ, ಸದ್ಯ ಬಸ್ಸು ಬಂತು ಅನ್ನೋ ಅಂಗೆ."

"ಲೇಟಾಗಿತ್ತು" ಅಂದಳು ಅವಳು. "ರೊಟ್ಟಿ ತಿಂದು ಓಗು ಅಂತ ನಾನೇ ನಿಲ್ಲಿಸ್ಕಂಡಿದ್ದೆ."

ಅನಂತರಾಜು ಮೆಲ್ಲಗೆ ಕೈಚಾಚಿ ಕೀ ಕೇಳಿದ. ಬ್ರೇಕು, ಎಂದು ಬಾಯೊಳಗೇ ಅಂದ. ಅಂಗಡಿಯಲ್ಲೇ ಸರಿಯಾಗಿತ್ತು ಎಂದು ಹೇಳಿ ದೇವರಾಜು ಕೀಯನ್ನು ಅವನ ಅಂಗೈಗೆ ಹಾಕಿದ. ಆದರೂ ಕಾರು ಮೊದಲ ಗೇರಿನಲ್ಲೇ, ಎತ್ತಿನಗಾಡಿಗಿಂತ ನಿಧಾನವಾಗಿ, ಮಣ್ಣುದಾರಿಯಲ್ಲಿ ತೆವಳಿಕೊಂಡು ಹೋಯಿತು. ಪಕ್ಕದ ಮನೆಯ ಹೆಂಗಸರು ಅದು ಮರೆಯಾಗುವವರೆಗೂ ನೋಡಿದರು.

ದೊಡ್ಡಲಕ್ಷ್ಮಮ್ಮ ಕೈ ತೊಳೆದು, ಡೇರಿಗೆ ಹಾಲು ಹಾಕುವ ಹೊತ್ತಾಯಿತೆಂದು ಒಳಗಿನಿಂದ ಪಾತ್ರೆ ತಂದಳು. ಬಿಚ್ಚಿದ ಕರು ತಾಯಿಯ ಕೆಚ್ಚಲಿಗೆ ನುಗ್ಗುತ್ತಿತ್ತು. ಅವಳು ಅದನ್ನು ಎಳೆದು, ಹಗ್ಗದ ತುದಿಯನ್ನು ತಿರುಗಿ ನೋಡದೆಯೇ ಹಿಂದಕ್ಕೆ ಚಾಚಿದಳು.

ದೇವರಾಜು ಹಗ್ಗ ಹಿಡಿದುಕೊಂಡ. ಕರು ಅವನ ಗ್ರೀಸ್ ಮೆತ್ತಿದ ಬೆರಳುಗಳನ್ನು ಮೂಸಿ, ಒಂದನ್ನು ಬಾಯಿಗೆಳೆದುಕೊಂಡು ಚೀಪತೊಡಗಿತು. ಖಾಲಿ ಪಾತ್ರೆಯ ತಳಕ್ಕೆ ಹಾಲಿನ ಮೊದಲ ಧಾರೆ ಬಿತ್ತು.